ಢಂ ತೆಗೆದವನಿಗೇ ಬೈದ್ರೆ ಹೆಂಗೆ ಸ್ವಾಮಿ?

‘ಹೋದ ಸಂಚಿಕೆಲಿ ಬಾರ್ಕರ್ ಅನ್ನೋನ ಹೊಸ ಆಲ್ಬಂ ಸ್ಟೊಕಾಸ್ಟಿಕ್ ಡ್ರಿಫ್ಟ್‌ಗೆ ಒಂದು ಪುಟ ದಂಡ ಮಾಡಿದೀರಿ. ಟೆಕ್ನೋ ಅಂದ್ರೆ ಮಷೀನ್ ಢಂ ಢಂ, ರಾಗ ಇಲ್ಲ ಭಾವ ಇಲ್ಲ, ನನ್ನ ಮಗ ದಿನಾ ಹೆಡ್‌ಫೋನ್ ಹಾಕ್ಕೊಂಡು ಕೂರ್ತಾನೆ’ ಅಂತ ಹಾಸನದ ಓದುಗರೊಬ್ಬರು ಬರೆದಿದಾರೆ.

ಸ್ವಾಮಿ, ಢಂ ಢಂ ವಿಷಯ ಒಪ್ಪಿದೆ, ಗಣಪತಿ ಮೆರವಣಿಗೆಲಿ ಡಿಜೆ ಪಕ್ಕ ಸಿಕ್ಕಾಕ್ಕೊಂಡು ನನಗೂ ಎದೆ ಅದುರಿದೆ. ಆದ್ರೆ ನೀವು ಬೈದಿರೋದು ಆ ಢಂ ಕಿತ್ತು ಹೊರಗಿಟ್ಟವನಿಗೇ! ಸ್ಯಾಮ್ ಬಾರ್ಕರ್ ಇಂಗ್ಲೆಂಡಿನವನು, ಟೆಕ್ನೋಗೇ ಹೆಸರಾದ ಬರ್ಲಿನ್‌ನ ಬರ್ಗೈನ್ ಕ್ಲಬ್ಬಲ್ಲಿ ಡಿಜೆ, ಅಂಥಾ ಜಾಗದಲ್ಲಿದ್ಕೊಂಡು 2018ರ ಡಿಬಯಾಸಿಂಗ್, 2019ರ ಯುಟಿಲಿಟಿ ಅನ್ನೋ ಎರಡು ರೆಕಾರ್ಡಲ್ಲೂ ಆ ಢಂ ಹೊಡೆಯೋ ಕಿಕ್ ಡ್ರಮ್ಮನ್ನೇ ಕೈಬಿಟ್ಟ, ಬಿಸಿಬೇಳೆಬಾತಲ್ಲಿ ಬೇಳೆ ಬಿಟ್ಟಂಗೆ. ಉಳಿದಿದ್ದೇನು? ಸಿಂತ್, ಅಂದ್ರೆ ಕರೆಂಟಿಂದ ನಾದ ಹುಟ್ಟಿಸೋ ವಾದ್ಯದ ನಾಲ್ಕೈದು ಸ್ವರ, ಅದೇ ತಿರುಗಿ ತಿರುಗಿ ಬರುತ್ತೆ, ಆದ್ರೆ ನಾದದ ಹೊಳಪು ತಡೆದಿಟ್ಟಿರೋ ಫಿಲ್ಟರನ್ನ ಬಾಗಿಲು ತೆರೆದಂಗೆ ಮೆಲ್ಲಗೆ ತೆಗೀತಾ ಹೋದಂಗೆ ಮಂಕಾಗಿದ್ದ ನಾದ ಕಂಚಿನ ಥರ ಹೊಳೀತದೆ. ನಮ್ಮ ತಂಬೂರಿಲಿ ತಂತಿ ಕೆಳಗೆ ಒಂದೆಳೆ ದಾರ ಇಡ್ತಾರಲ್ಲ, ಅದನ್ನ ಕೂದಲೆಳೆಯಷ್ಟು ಸರಿಸಿದ್ರೆ ಸತ್ತಂಗಿದ್ದ ತಂತಿ ಝುಂ ಅಂತ ಎದ್ದು ಕೂರುತ್ತೆ, ಸ್ವರ ಮಾತ್ರ ಅದೇ. ಅದನ್ನ ತಲೆದೂಗಿ ಕೇಳೋ ನೀವು ಇದನ್ನ ಕೇಳಲ್ಲ ಅಂದ್ರೆ ಹೆಂಗೆ? ಏಪ್ರಿಲ್ 2025ಕ್ಕೆ ಬಂದ, ನೀವು ಬೈದ ಸ್ಟೊಕಾಸ್ಟಿಕ್ ಡ್ರಿಫ್ಟೂ ಅದೇ ಕಿವಿಯಿಂದ ಹುಟ್ಟಿದ್ದು.

ಇನ್ನು ರಾಗ ಅಂದ್ರಿ. 1982ರಲ್ಲಿ ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್, ರೋಲಂಡ್ ಕಂಪನಿಯ 808 ಅನ್ನೋ ಡ್ರಮ್ ಮಷೀನು, 303 ಅನ್ನೋ ಬೇಸ್ ಸಿಂತ್ ತಂದಿಟ್ಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಡಚ್ಚರು ಆ ರೆಕಾರ್ಡನ್ನ ಮತ್ತೆ ಪ್ರೆಸ್ ಮಾಡಿದ್ಮೇಲೆ ಲೋಕವೆಲ್ಲಾ ‘ಅರೆ, ಮಷೀನಲ್ಲೂ ರಾಗ!’ ಅಂತು, ಆಮೇಲೆ ನಾವೂ ಅಂದ್ವಿ. ನಮ್ಮ ಮನೆ ಮಾಣಿಕ್ಯ ಯಾವಾಗ್ಲೂ ಪಕ್ಕದ ಮನೆಯೋರು ಹೇಳಿದ್ಮೇಲೇ ಹೊಳೆಯೋದು.

ಕೋಪ ಮಾಡ್ಕೋಬೇಡಿ, ನಿಮ್ಮ ಕಿವಿ ಒಳ್ಳೇದೇ, ಇಲ್ದಿದ್ರೆ ಇಷ್ಟುದ್ದ ಪತ್ರ ಬರೀತಿರಲಿಲ್ಲ. ನನ್ನ ಸಂಕಟ ಬೇರೆ. ನಾವು ಹಾಡು ಕೇಳ್ತೀವಿ, ನಾದ ಕೇಳೋದು ಬಿಟ್ಟು ಎಷ್ಟೋ ಕಾಲ ಆಯ್ತು. ಮೊನ್ನೆ ಒಂದು ಮದುವೆಲಿ ಕಛೇರಿ, ತಂಬೂರಿ ಗೋಡೆಗೆ ಒರಗಿಸಿಟ್ಟು ಮೈಕ್ ಮುಂದೆ ಮೊಬೈಲಲ್ಲಿ ಶ್ರುತಿ ಆಪ್ ಹಾಕಿದ್ರು. ಕಲ್ಯಾಣಿ ಆಲಾಪನೆ ಮಧ್ಯೆ ಯಾರದೋ ಫೋನ್ ಬಂತು, ಶ್ರುತಿ ನಿಂತೇ ಹೋಯ್ತು. ಹಾಡ್ತಿದ್ದ ಹೆಣ್ಮಗು ಒಂದು ಕ್ಷಣ ತಡವರಿಸಿ ಮುಂದುವರಿಸ್ತು. ಮುನ್ನೂರು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ, ಎತ್ತಿದ್ದು ಊಟಕ್ಕೆ ಕರೆದಾಗ.