ಜಿಮ್ಯಾಟ್‌ಗೆ ಯಾವ ಗೈಡ್ ಕೊಳ್ಳಬೇಕು? ಸೀನಿಯರ್ ಕೊಡುವ ಹಳೇ ಸೆಟ್ ಸಾಕಾಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮನೆ ಮಂಡ್ಯ, ಕೆಲಸ ಮೈಸೂರಿನ ಹೆಬ್ಬಾಳದಲ್ಲಿ, ಇನ್ನೊಂದೆರಡು ವರ್ಷದಲ್ಲಿ ಎಂಬಿಎಗೆ ಹೋಗುವ ಆಸೆ, ಅದಕ್ಕೆ ಜಿಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯುವ ಯೋಚನೆ. ಆಫೀಸಿನ ಸೀನಿಯರ್ ಒಬ್ಬರು 2021ರಲ್ಲಿ ಕೊಂಡ ಜಿಮ್ಯಾಟ್ ಪುಸ್ತಕಗಳ ಇಡೀ ಸೆಟ್ಟನ್ನು ಎರಡು ಸಾವಿರಕ್ಕೆ ಕೊಡುತ್ತೇನೆ ಅಂದಿದ್ದಾರೆ. ಅದು ಸಾಕಾ, ಹೊಸದೇ ಬೇಕಾ? ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಆದ್ದರಿಂದ ಒಳ್ಳೆಯ ಗ್ರಾಮರ್ ಪುಸ್ತಕವನ್ನೂ ಹೇಳಿ ಅಂತ ಕೇಳಿದ್ದೀರಿ.

ಆ ಸೆಟ್ಟಿಗೆ ಎರಡು ಸಾವಿರ ಜಾಸ್ತಿ. ಗ್ರಾಮರ್ ಪುಸ್ತಕವಂತೂ ಬೇಡವೇ ಬೇಡ. ನಾನೂ ಮೈಸೂರಿನಲ್ಲಿ ಕೆಲಸ ಮಾಡುತ್ತಾ, ರಾತ್ರಿ ಹೊತ್ತು ಓದಿ, ಹೊಸ ಪ್ಯಾಟರ್ನಿನಲ್ಲಿ ಈ ಪರೀಕ್ಷೆ ಬರೆದವನು. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಪರೀಕ್ಷೆಯೇ ಬದಲಾಗಿದೆ, ಅದು ಮುಖ್ಯ ಕಾರಣ. 2023ರ ನವೆಂಬರಿನಲ್ಲಿ ‘ಫೋಕಸ್ ಎಡಿಷನ್’ ಅಂತ ಹೊಸ ರೂಪ ಬಂತು. 2024ರ ಜನವರಿ ಕೊನೆಗೆ ಹಳೆಯದನ್ನು ನಿಲ್ಲಿಸಿದರು. ಈಗ ಜಿಮ್ಯಾಟ್ ಅಂದರೆ ಈ ಹೊಸದೇ. ಕ್ವಾಂಟ್‌ನಲ್ಲಿ, ಅಂದರೆ ಗಣಿತದಲ್ಲಿ, 21 ಪ್ರಶ್ನೆ, ಇಂಗ್ಲಿಷ್ ಓದಿ ಉತ್ತರಿಸುವ ವರ್ಬಲ್‌ನಲ್ಲಿ 23, ಟೇಬಲ್, ಗ್ರಾಫ್ ನೋಡಿ ಉತ್ತರಿಸುವ ಡೇಟಾ ಇನ್‌ಸೈಟ್ಸ್‌ನಲ್ಲಿ 20. ಒಂದೊಂದಕ್ಕೆ 45 ನಿಮಿಷ, ಒಟ್ಟು ಎರಡೂಕಾಲು ಗಂಟೆ. ಪ್ರಬಂಧ ಬರೆಯುವುದು ಹೋಯಿತು. ವಾಕ್ಯದ ವ್ಯಾಕರಣ ತಪ್ಪು ತಿದ್ದುವ ಸೆಂಟೆನ್ಸ್ ಕರೆಕ್ಷನ್ ಹೋಯಿತು. ಕ್ವಾಂಟ್‌ನಿಂದ ಜಾಮಿಟ್ರಿ ಹೋಯಿತು. ಸ್ಕೋರ್ 205ರಿಂದ 805ರವರೆಗೆ, ಯಾವಾಗಲೂ ಕೊನೆಯ ಅಂಕಿ ಐದು. ನಿಮ್ಮ ಸೀನಿಯರ್ ‘ಕನಿಷ್ಠ 700 ಬರಲೇಬೇಕು’ ಅಂತ ಹೆದರಿಸಿದ್ದರೆ, ಅದು ಹಳೇ ಲೆಕ್ಕ. ಆ 700ಕ್ಕೆ ಈಗ ಹೆಚ್ಚುಕಡಿಮೆ 645 ಸಮ.

ಹಾಗಂತ ಹಳೇ ಪುಸ್ತಕ ಪೂರ್ತಿ ದಂಡ ಅಂತಲ್ಲ. ವರ್ಬಲ್‌ನ ಕ್ರಿಟಿಕಲ್ ರೀಸನಿಂಗ್ (ವಾದವನ್ನು ಅಳೆಯುವುದು) ಮತ್ತು ರೀಡಿಂಗ್ ಕಾಂಪ್ರಹೆನ್ಷನ್ (ಓದಿ ಅರ್ಥ ಮಾಡಿಕೊಳ್ಳುವುದು) ಭಾಗ ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಪ್ರಶ್ನೆಯ ಜಾತಿ ಅದೇ. ಕ್ವಾಂಟ್‌ನಲ್ಲಿ ತ್ರಿಭುಜ, ವೃತ್ತ ಬಿಟ್ಟು ಉಳಿದ ಲೆಕ್ಕಗಳನ್ನು ಮಾಡಬಹುದು. ಡೇಟಾ ಸಫಿಷಿಯನ್ಸಿ, ಅಂದರೆ ಉತ್ತರ ಕಂಡುಹಿಡಿಯುವ ಬದಲು ಕೊಟ್ಟ ಎರಡು ಮಾಹಿತಿ ಉತ್ತರಕ್ಕೆ ಸಾಕಾ ಅಂತ ಹೇಳುವ ಪ್ರಶ್ನೆ, ಈಗ ಕ್ವಾಂಟ್ ಬಿಟ್ಟು ಡೇಟಾ ಇನ್‌ಸೈಟ್ಸ್‌ಗೆ ಹೋಗಿದೆ. ಹಳೇ ಪ್ರಶ್ನೆಗಳು ಅಭ್ಯಾಸಕ್ಕೆ ಆಗುತ್ತವೆ. ಅದಕ್ಕೇ ಇಡೀ ಸೆಟ್ ಬೇಡ, ವರ್ಬಲ್ ಪುಸ್ತಕ ಮಾತ್ರ ಕೊಡ್ತೀರಾ ಅಂತ ಕೇಳಿ ನೋಡಿ. ಆದರೆ ದುಡ್ಡು ಕೊಡುವ ಮೊದಲು ಒಳಗೆ ತಿರುವಿ ನೋಡಿ. ಪೆನ್ಸಿಲಿನಲ್ಲಿ ಉತ್ತರಕ್ಕೆ ಸುತ್ತು ಹಾಕಿದ್ದರೆ ಆ ಪ್ರಶ್ನೆ ನಿಮಗೆ ಸತ್ತಂತೆಯೇ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಈಗ ಗ್ರಾಮರ್ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಮ್ಮ ಕಡೆ ಕನ್ನಡ ಮೀಡಿಯಂನಿಂದ ಬಂದವರು ಎಲ್ಲರೂ ಮೊದಲು ಹೆದರುವುದು ಇದಕ್ಕೇ. ಯಾರೋ ಒಬ್ಬರು ದಪ್ಪ ಗ್ರಾಮರ್ ಪುಸ್ತಕ ಕೊಡಿಸುತ್ತಾರೆ, ಇನ್ನೊಬ್ಬರು ಮೂರು ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡು ಅನ್ನುತ್ತಾರೆ. ಪದಗಳ ಪಟ್ಟಿ ಜಿಆರ್‌ಇ ಅನ್ನುವ ಇನ್ನೊಂದು ಪ್ರವೇಶ ಪರೀಕ್ಷೆಗೆ ಓದುವವರದ್ದು. ವ್ಯಾಕರಣ ಕೇಳುತ್ತಿದ್ದದ್ದು ಸೆಂಟೆನ್ಸ್ ಕರೆಕ್ಷನ್, ಅದೇ ಈಗಿಲ್ಲ. ಹೊಸ ವರ್ಬಲ್‌ನಲ್ಲಿ ಕೇಳುವುದು ಎರಡೇ: ಓದಿದ್ದು ಅರ್ಥವಾಯಿತಾ, ವಾದದಲ್ಲಿ ಎಲ್ಲಿ ತೂತಿದೆ ಅಂತ ಗೊತ್ತಾಯಿತಾ.

ವಾದ ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತಲ್ಲ. ಯಾರೋ ಒಬ್ಬರು ಹೀಗೆ ವಾದಿಸುತ್ತಾರೆ ಅಂದುಕೊಳ್ಳಿ: ‘ಬೈಪಾಸ್ ಆದ ಮೇಲೆ ಮದ್ದೂರಿನ ಹೋಟೆಲೊಂದರ ವಡೆ ವ್ಯಾಪಾರ ಅರ್ಧಕ್ಕೆ ಇಳಿದಿದೆ. ಆದ್ದರಿಂದ ಬೈಪಾಸೇ ಕಾರಣ.’ ಈ ವಾದವನ್ನು ದುರ್ಬಲ ಮಾಡುವ ಮಾಹಿತಿ ಯಾವುದು? ಬೈಪಾಸ್ ಆಗುವ ಆರು ತಿಂಗಳ ಮುಂಚಿನಿಂದಲೇ ಆ ಹೋಟೆಲಿನ ವ್ಯಾಪಾರ ಇಳಿಯುತ್ತಿತ್ತು ಅನ್ನುವುದು. ಅಥವಾ ಅದೇ ಹಳೇ ರಸ್ತೆಯ ಪಕ್ಕದ ಹೋಟೆಲಿನಲ್ಲಿ ವ್ಯಾಪಾರ ಒಂದಿಷ್ಟೂ ಕಡಿಮೆಯಾಗಿಲ್ಲ ಅನ್ನುವುದು. ಎಕ್ಸ್‌ಪ್ರೆಸ್‌ವೇ ಟೋಲ್ ದುಬಾರಿ ಅನ್ನುವ ಆಯ್ಕೆಯೂ ಅಲ್ಲಿರುತ್ತದೆ. ಓದಿದರೆ ನಿಜ ಅನ್ನಿಸುತ್ತದೆ, ಆದರೆ ವಾದಕ್ಕೆ ಅದು ತಾಗುವುದೇ ಇಲ್ಲ. ಕ್ರಿಟಿಕಲ್ ರೀಸನಿಂಗ್ ಅಂದರೆ ಇಷ್ಟೇ. ಇದನ್ನು ಕನ್ನಡದಲ್ಲೇ ಯೋಚಿಸಬಹುದು, ಯಾರೂ ಬೇಡ ಅನ್ನುವುದಿಲ್ಲ. ನಿಮಗೆ ಬೇಕಾದದ್ದು ಇಂಗ್ಲಿಷಿನಲ್ಲಿ ಬೇಗ ಓದುವ ಅಭ್ಯಾಸ, ಅದು ಗ್ರಾಮರ್ ಪುಸ್ತಕದಿಂದ ಬರುವುದಿಲ್ಲ. ಮಂಡ್ಯ-ಮೈಸೂರು ರೈಲಿನಲ್ಲಿ ಓಡಾಡುವವರಾದರೆ ಆ ಹೊತ್ತು ಇದಕ್ಕೇ ಇಡಿ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ, ವಿಜ್ಞಾನ ಅಥವಾ ಅರ್ಥಶಾಸ್ತ್ರದ ಮೇಲಿನ ಉದ್ದನೆಯ ಲೇಖನ. ಕ್ರಿಕೆಟ್ ಪುಟ ಲೆಕ್ಕಕ್ಕಿಲ್ಲ.

ಪುಸ್ತಕಕ್ಕೆ ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆಯೇ ಎರಡು ಮಾಕ್ ಟೆಸ್ಟ್, ಅಂದರೆ ಅಭ್ಯಾಸ ಪರೀಕ್ಷೆ, ಪುಕ್ಕಟೆ ಕೊಡುತ್ತದೆ. ಒಂದನ್ನು ಏನೂ ಓದದೆ, ಭಾನುವಾರ ಬೆಳಿಗ್ಗೆ ಫೋನ್ ಆಫ್ ಮಾಡಿ ಕೂತು ಬರೆಯಿರಿ. ಸ್ಕೋರ್ ನೋಡಿ ಬೇಸರವಾಗುತ್ತದೆ, ಆಗಲಿ. ಮೂರು ಸೆಕ್ಷನ್ನಿಗೂ 60ರಿಂದ 90ರೊಳಗೆ ಬೇರೆ ಬೇರೆ ಸ್ಕೋರ್ ಬರುತ್ತದೆ, ಮೂರಕ್ಕೂ ತೂಕ ಒಂದೇ. ಯಾವುದು ಕೆಳಗಿದೆಯೋ ಅದು ನಿಮ್ಮ ಪುಸ್ತಕದ ಪಟ್ಟಿಯನ್ನು ತಾನೇ ಹೇಳುತ್ತದೆ. ಸೆಟ್ ಮಾರುವವರು ಹೇಳಿದ ಪಟ್ಟಿಯಲ್ಲ. ಇನ್ನೊಂದು ಪುಕ್ಕಟೆ ಮಾಕನ್ನು ಮುಟ್ಟಬೇಡಿ, ಪರೀಕ್ಷೆ ಹತ್ತಿರ ಬಂದಾಗ ಬೇಕಾಗುತ್ತದೆ.

ಆಮೇಲೆ ಮೊದಲ ಪುಸ್ತಕ ಜಿಮ್ಯಾಕ್‌ನದೇ ಅಫಿಶಿಯಲ್ ಗೈಡ್. ಇದರಲ್ಲಿ ಚೌಕಾಸಿ ಬೇಡ. ಒಳಗಿರುವುದು ನಿಜವಾದ ಪರೀಕ್ಷೆಯ ಹಳೇ ಪ್ರಶ್ನೆಗಳು. ಬೇರೆ ಕಂಪನಿಯವರು ಬರೆದ ರೀಸನಿಂಗ್ ಪ್ರಶ್ನೆಗಳಲ್ಲಿ ಎರಡು ಉತ್ತರವೂ ಸರಿ ಅನ್ನಿಸುವುದು ಸಾಮಾನ್ಯ. ಕೂತು ತಲೆ ಕೆರೆದುಕೊಂಡು ನಮ್ಮದೇ ತಪ್ಪು ಅಂದುಕೊಳ್ಳುತ್ತೇವೆ. ಕೊಳ್ಳುವಾಗ ಬರೀ ವರ್ಷ ನೋಡಿ ಮೋಸ ಹೋಗಬೇಡಿ. ಪರಿವಿಡಿ ತೆಗೆಯಿರಿ. ಡೇಟಾ ಇನ್‌ಸೈಟ್ಸ್ ಇರಬೇಕು, ಸೆಂಟೆನ್ಸ್ ಕರೆಕ್ಷನ್ ಇರಬಾರದು. ವರ್ಷದಿಂದ ವರ್ಷಕ್ಕೆ ಪ್ರಶ್ನೆಗಳೆಲ್ಲ ಬದಲಾಗುವುದಿಲ್ಲ, ಹಾಗಾಗಿ ಹೊಸ ಪ್ಯಾಟರ್ನಿನದ್ದೇ ಆಗಿದ್ದರೆ ಕಳೆದ ವರ್ಷದ್ದಾದರೂ ಅಡ್ಡಿಯಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಬೇಡ. ಪುಸ್ತಕದ ಜೊತೆ ಆನ್‌ಲೈನ್ ಪ್ರಶ್ನೆ ಬ್ಯಾಂಕಿನ ಕೋಡ್ ಬರುತ್ತದೆ, ಅದನ್ನು ಮೊದಲು ಕೊಂಡವರು ಬಳಸಿಬಿಟ್ಟಿರುತ್ತಾರೆ. ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿಸಿದ ಪ್ರತಿಯಲ್ಲೂ ಅದೇ ಕತೆ. ಪರೀಕ್ಷೆಯ ಫೀಸೇ 20 ಸಾವಿರ ದಾಟುತ್ತದೆ, ಇಲ್ಲಿ ಸಾವಿರ ಉಳಿಸಿ ಏನು ಮಾಡ್ತೀರಿ?

ಕೋಡ್ ಯಾಕೆ ಮುಖ್ಯ ಅಂದರೆ ಡೇಟಾ ಇನ್‌ಸೈಟ್ಸ್. ಅಲ್ಲಿ ಟೇಬಲ್ಲನ್ನು ಕಾಲಂ ಪ್ರಕಾರ ಸಾರ್ಟ್ ಮಾಡಬೇಕು, ಮೂರು ಟ್ಯಾಬ್ ತಿರುಗಿಸಿ ಮಾಹಿತಿ ಹುಡುಕಬೇಕು. ಕಾಗದದ ಮೇಲೆ ಇದನ್ನು ಕಲಿಯಲು ಆಗುವುದಿಲ್ಲ. ಕ್ಯಾಲ್ಕುಲೇಟರ್ ಸಿಗುವುದೂ ಈ ಸೆಕ್ಷನ್ನಿನಲ್ಲಿ ಮಾತ್ರ. ಕ್ವಾಂಟ್‌ನಲ್ಲಿ ಇಲ್ಲ, ಇಂಜಿನಿಯರಿಂಗ್ ಮಾಡಿದವರು ಇದನ್ನು ಮರೆತು ಆಮೇಲೆ ಭಾಗಾಕಾರಕ್ಕೆ ಒದ್ದಾಡುತ್ತಾರೆ.

ಅಫಿಶಿಯಲ್ ಗೈಡಿನ ದೊಡ್ಡ ಕೊರತೆ ಅದರ ವಿವರಣೆ. ಉತ್ತರ ಸರಿ ಇರುತ್ತದೆ, ದಾರಿ ಉದ್ದ. ಎರಡು ನಿಮಿಷದಲ್ಲಿ ಮಾಡುವ ಲೆಕ್ಕಕ್ಕೆ ಅರ್ಧ ಪುಟ ಬೀಜಗಣಿತ. ಅದಕ್ಕೇ ಎರಡನೇ ಪುಸ್ತಕ ಬೇಕಾಗುವುದು, ಅದೂ ನಿಮ್ಮ ದುರ್ಬಲ ಸೆಕ್ಷನ್ನಿಗೆ ಮಾತ್ರ. ಯಾವ ಕಂಪನಿಯದ್ದು ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ನನಗೆ ಒಗ್ಗಿದ್ದು ನಿಮಗೆ ಒಗ್ಗಬೇಕಿಲ್ಲ. ಮಾಕ್‌ನಲ್ಲಿ ನೀವು ತಪ್ಪು ಮಾಡಿದ ಎರಡು ಮೂರು ಪ್ರಶ್ನೆಗಳ ವಿಷಯ ಬರೆದುಕೊಳ್ಳಿ: ಶೇಕಡಾ, ಸಂಭವನೀಯತೆ, ಏನಾದರೂ ಸರಿ. ಮೈಸೂರಿನ ಸಪ್ನಾದಂಥ ದೊಡ್ಡ ಅಂಗಡಿಯಲ್ಲಿ ಇದ್ದರೆ ನಿಂತುಕೊಂಡೇ ಆ ಅಧ್ಯಾಯ ತೆಗೆದು ಓದಿ. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಸಿಗುವ ಸ್ಯಾಂಪಲ್ ಪುಟಗಳಾದರೂ ನೋಡಿ. ಓದಿ ಮುಗಿಸಿದ ಮೇಲೆ ಆ ತಪ್ಪಾದ ಲೆಕ್ಕವನ್ನು ಪುಸ್ತಕ ಮುಚ್ಚಿ ಮಾಡಲು ಬಂದರೆ ಅದು ನಿಮ್ಮ ಪುಸ್ತಕ. ಬರಲಿಲ್ಲವಾ, ವಾಪಸ್ ಇಟ್ಟು ಬನ್ನಿ. ‘800 ಗ್ಯಾರಂಟಿ’ ಅಂತ ಮುಖಪುಟದ ಮೇಲೆ ಬರೆದದ್ದನ್ನು ತೆರೆಯುವುದೂ ಬೇಡ. ಹೊಸ ಸ್ಕೇಲಿನಲ್ಲಿ 800 ಅನ್ನುವ ಸ್ಕೋರೇ ಇಲ್ಲ.

ಬೇರೆಯವರ ಮಾಕ್ ಟೆಸ್ಟುಗಳನ್ನು ಸಮಯದ ಅಭ್ಯಾಸಕ್ಕೆ ಬರೆಯಿರಿ, ಅವರು ಕೊಡುವ ಸ್ಕೋರನ್ನು ನಂಬಬೇಡಿ. ನೀವು ಉತ್ತರಿಸಿದ ಹಾಗೆ ಮುಂದಿನ ಪ್ರಶ್ನೆಯ ಕಷ್ಟ ಬದಲಾಗುವ ಆ ಲೆಕ್ಕಾಚಾರ ಜಿಮ್ಯಾಕ್ ಹತ್ತಿರ ಮಾತ್ರ ಇದೆ.

ಕೊನೆಗೆ ಒಂದು ಮಾತು, ನೀವು ಕೇಳಿಲ್ಲ ಆದರೂ. ನಿಮಗೆ ಬೇಕಿರುವುದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂಬಿಎ ಆದರೆ ಅದಕ್ಕೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ, ಐಐಎಂಗಳ ಎರಡು ವರ್ಷದ ಕೋರ್ಸ್ ಆದರೆ ಕ್ಯಾಟ್ ಪರೀಕ್ಷೆ. ಜಿಮ್ಯಾಟ್ ಬೇಕಾಗುವುದು ಹೊರದೇಶಕ್ಕೆ, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿಯಂಥ ಕಡೆಗೆ, ಇಲ್ಲಾ ಕೆಲಸದ ಅನುಭವ ಇರುವವರಿಗೆಂದೇ ಐಐಎಂಗಳು ನಡೆಸುವ ಒಂದು ವರ್ಷದ ಕೋರ್ಸಿಗೆ. ಈ ಸ್ಕೋರ್ ಐದು ವರ್ಷ ನಡೆಯುತ್ತದೆ, ಹಾಗಾಗಿ ಈಗಲೇ ಬರೆದಿಟ್ಟುಕೊಂಡರೂ ನಷ್ಟವಿಲ್ಲ. ಮೊದಲ ಮಾಕ್ ಬರೆದ ಮೇಲೆ ಮೂರು ಸೆಕ್ಷನ್ ಸ್ಕೋರ್ ಇಲ್ಲೇ ಹಾಕಿ. ಎರಡನೇ ಪುಸ್ತಕ ಯಾವ ಸೆಕ್ಷನ್ನಿಗೆ ಬೇಕು, ಅಥವಾ ಬೇಕೇ ಇಲ್ಲವೇ ಅಂತ ನೋಡಿ ಹೇಳುತ್ತೇನೆ.