ಏರ್‌ಪೋರ್ಟ್‌ಗೆ ರೈಲಿನಲ್ಲಿ ಹೋಗುವುದಾದರೆ ಯಲಹಂಕದಲ್ಲಿ ಗಡಿಯಾರ ನೋಡಿ

ಟ್ಯಾಕ್ಸಿಗೆ ಸಾವಿರ ರೂಪಾಯಿ ಯಾಕೆ ಸುರಿಯಬೇಕು, ಬೆಂಗಳೂರಿನ ಯಶವಂತಪುರದಿಂದ ಲೋಕಲ್ ಗಾಡಿ ಹತ್ತಿ ಏರ್‌ಪೋರ್ಟ್‌ಗೆ ಹೋದರೆ ಆಗಲ್ವಾ, ಜೊತೆಗೆ ವಯಸ್ಸಾದ ತಾಯಿ ಇದ್ದಾರೆ, ಒಂದು ದೊಡ್ಡ ಸೂಟ್‌ಕೇಸ್ ಇದೆ ಅಂತ ಕೇಳಿದ್ದೀರಿ. ನನ್ನದೂ ಅದೇ ಸ್ಟೇಷನ್, ಅದೇ ಲೆಕ್ಕಾಚಾರ. ನನ್ನ ಜೊತೆಗೂ ಅಮ್ಮ ಇದ್ದರು.

ಅಹಮದಾಬಾದಿನಲ್ಲಿ ತಂಗಿಯ ಸೀಮಂತ. ಶಾಸ್ತ್ರ ಇದ್ದದ್ದು ಅವತ್ತೇ ಸಂಜೆ, ನಮ್ಮ ವಿಮಾನ ಬೆಳಿಗ್ಗೆ ಹತ್ತೂವರೆಗೆ. ಅಮ್ಮ ದಿನಗಟ್ಟಲೆ ಕೂತು ಚಕ್ಕುಲಿ, ರವೆ ಉಂಡೆ, ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿ ತುಂಬಿಸಿದ್ದರು. ಹಸಿರು ಸೀರೆ, ಹಸಿರು ಬಳೆ ಎಲ್ಲ ಸೇರಿ ಸೂಟ್‌ಕೇಸ್ ಎತ್ತಲಾಗದಷ್ಟು ಭಾರ. ವಿಮಾನದೊಳಗೆ ಕೈಯಲ್ಲಿ ಒಯ್ಯುವಂಥದ್ದಲ್ಲ, ಕೌಂಟರ್‌ನಲ್ಲಿ ಹಾಕಲೇಬೇಕು. ಇದು ಮುಂದೆ ಮುಖ್ಯ ಆಗುತ್ತೆ.

ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ ಶುರುವಾದದ್ದು 2021ರ ಜನವರಿಯಲ್ಲಿ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಯಲ್ಲಿ, ದೊಡ್ಡಜಾಲ ಮತ್ತು ದೇವನಹಳ್ಳಿ ನಡುವೆ ಇದೆ. (ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ಕೋಲಾರದ ಕಡೆಗೆ ನ್ಯಾರೋಗೇಜ್ ರೈಲು ಓಡುತ್ತಿತ್ತು. ನನಗೆ ಈ ಹಳಿ ಅಂದರೆ ಇವತ್ತಿಗೂ ಪ್ರೀತಿ.) ಹಾಲ್ಟ್‌ನಲ್ಲಿ ಇಳಿದರೆ ಟರ್ಮಿನಲ್ ಕಾಣಿಸುವುದಿಲ್ಲ, ಅಲ್ಲಿಂದ ಶಟಲ್ ಬಸ್ ಹತ್ತಬೇಕು. ನಮ್ಮ ಗಾಡಿ ಯಶವಂತಪುರ ಬಿಟ್ಟು ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ, ಯಲಹಂಕ, ಬೆಟ್ಟಹಲಸೂರು, ದೊಡ್ಡಜಾಲ ದಾಟಿ ಎಂಟೂವರೆ ಹೊತ್ತಿಗೆ ಹಾಲ್ಟ್ ಮುಟ್ಟಬೇಕಿತ್ತು. ವಿಮಾನಕ್ಕೆ ಎರಡು ಗಂಟೆ ಮುಂಚೆ. ಸಾಕಲ್ವಾ ಅಂದುಕೊಂಡೆ.

ಯಲಹಂಕದವರೆಗೆ ಹೂವೆತ್ತಿದ ಹಾಗೆ ಹೋದೆವು. ಕೆಳಗೆ ಹೆಬ್ಬಾಳದ ಕಡೆ ವಾಹನಗಳು ನಿಂತಲ್ಲೇ ನಿಂತಿರುತ್ತವೆ, ನಾವು ಕಿಟಕಿ ಪಕ್ಕ ಗಾಳಿಗೆ ಮುಖ ಒಡ್ಡಿ ಕೂತಿದ್ದೇವೆ ಅಂತ ಖುಷಿಯಾಗಿತ್ತು. ಯಲಹಂಕದಲ್ಲಿ ಗಾಡಿ ನಿಂತಿತು. ಕ್ರಾಸಿಂಗ್ ಅಂದರು. ಎದುರಿನ ಗಾಡಿ ಬಂತು, ಹೋಯಿತು, ನಮ್ಮದು ಹೊರಡಲಿಲ್ಲ. ಇದು ಯಾರ ತಪ್ಪೂ ಅಲ್ಲ. ಯಲಹಂಕ ಜಂಕ್ಷನ್. ಯಶವಂತಪುರದ ಕಡೆಯಿಂದ ಒಂದು ಹಳಿ, ಬೈಯಪ್ಪನಹಳ್ಳಿ, ಚನ್ನಸಂದ್ರದ ಕಡೆಯಿಂದ ಒಂದು, ಹಿಂದೂಪುರದ ಕಡೆಗೆ ಒಂದು, ಚಿಕ್ಕಬಳ್ಳಾಪುರದ ಕಡೆಗೆ ಒಂದು. ನಾವು ಹೋಗಬೇಕಾದದ್ದು ಒಂಟಿ ಹಳಿ, ಆ ಕಡೆಯಿಂದ ಗಾಡಿ ಬರುತ್ತಿದ್ದರೆ ಈ ಕಡೆಯದು ಕಾಯಲೇಬೇಕು.

ಅಮ್ಮ ಆಗಲೇ ಹೇಳಿದರು, "ಇಳಿದುಬಿಡೋಣ ಕಣೋ, ಇಲ್ಲಿಂದ ಯಾವುದಾದರೂ ಕಾರು ಹಿಡಿಯೋಣ." ನಾನು "ಸುಮ್ನಿರಮ್ಮ, ಈಗ ಬಿಡ್ತಾರೆ" ಅಂದೆ.

ನಾನು ಮಾಡಿದ ತಪ್ಪು ಅದೇ. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತೀರಿ ಅಂತ ನನಗೆ ಭಯ. ರೈಲು ಹತ್ತಿದ್ದು ತಪ್ಪಲ್ಲ. ಗಾಡಿ ತಡವಾಗಿದ್ದೂ ದೊಡ್ಡದಲ್ಲ. ಯಲಹಂಕದಲ್ಲಿ ಇಳಿಯದೆ ಕೂತದ್ದು ತಪ್ಪು. ಅಲ್ಲಿ ಇಳಿದಿದ್ದರೆ ಹೆಬ್ಬಾಳದ ಜಾಮ್ ಆಗಲೇ ಹಿಂದೆ ಉಳಿದಿತ್ತು, ಬಳ್ಳಾರಿ ರಸ್ತೆ ಸೇರಿದರೆ ಕಾರಿನಲ್ಲಿ ಅರ್ಧ, ಮುಕ್ಕಾಲು ಗಂಟೆಯ ದಾರಿ. ಟ್ಯಾಕ್ಸಿ ಬಾಡಿಗೆಯೂ ಪೂರ್ತಿ ಅಲ್ಲ. ಮತ್ತೆ ಯಾಕೆ ಇಳಿಯಲಿಲ್ಲ? ಒಂದು, ನಿಂತ ಗಾಡಿಯಲ್ಲಿ ಕೂತವರಿಗೆ ಪ್ರತಿ ನಿಮಿಷವೂ ಈಗ ಹೊರಡುತ್ತೆ ಅನ್ನಿಸುತ್ತೆ, ಇಳಿದು ಮೆಟ್ಟಿಲು ಹತ್ತುವಾಗಲೇ ಗಾಡಿ ಹೊರಟುಬಿಟ್ಟರೆ ಅನ್ನುವ ಚಿಂತೆ ಕಾಲು ಕಟ್ಟಿಹಾಕುತ್ತೆ. ಇನ್ನೊಂದು, ಟ್ಯಾಕ್ಸಿ ದುಡ್ಡು ಉಳಿಸಿದೆ ಅಂತ ಹಿಂದಿನ ದಿನವೇ ಮನೆಯಲ್ಲಿ ಹೇಳಿಕೊಂಡಿದ್ದೆ, ಈಗ ಟ್ಯಾಕ್ಸಿ ಹಿಡಿದರೆ ಸೋತ ಹಾಗೆ ಅನ್ನಿಸಿತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾನು ಹತ್ತೂವರೆಗೆ ಎಷ್ಟು ಹೊತ್ತಿದೆ ಅಂತ ಎಣಿಸುತ್ತಿದ್ದೆ. ಎಣಿಸಬೇಕಾದದ್ದು ಒಂಬತ್ತೂವರೆಗೆ. ಬ್ಯಾಗ್ ಹಾಕುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮುಂಚೆ ಮುಚ್ಚುತ್ತೆ. ಇದು ನನಗೆ ಗೊತ್ತಿತ್ತು, ಟಿಕೆಟ್‌ನಲ್ಲೇ ಬರೆದಿತ್ತು. ಆದರೂ ತಲೆಯಲ್ಲಿ ಕೂತದ್ದು ಹತ್ತೂವರೆ ಮಾತ್ರ.

ಗಾಡಿ ಹೊರಟಾಗ ಒಂಬತ್ತು ದಾಟಿತ್ತು. ಬೆಟ್ಟಹಲಸೂರು ದಾಟಿದ ಮೇಲೆ ಇಳಿದರೂ ಪ್ರಯೋಜನ ಇಲ್ಲ, ಅಲ್ಲಿ ಸೂಟ್‌ಕೇಸ್ ಹಿಡಿದು ನಿಂತರೆ ಕಾರು ಎಲ್ಲಿಂದ ಸಿಗಬೇಕು? ಹಾಲ್ಟ್, ಶಟಲ್ ಬಸ್, ಟರ್ಮಿನಲ್ ಬಾಗಿಲಿನ ಕ್ಯೂ ಎಲ್ಲ ಮುಗಿಸಿ ಕೌಂಟರ್ ಮುಂದೆ ನಿಂತಾಗ ಅದು ಮುಚ್ಚಿ ಕಾಲು ಗಂಟೆಯ ಮೇಲಾಗಿತ್ತು. ಅಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಆಗಲ್ಲ ಸರ್ ಅಂದರು. ಸಂಜೆಯ ವಿಮಾನಕ್ಕೆ ಎರಡು ಹೊಸ ಟಿಕೆಟ್ ಕೊಂಡೆವು. ಉಳಿಸಲು ಹೊರಟ ದುಡ್ಡಿನ ಎಷ್ಟೋ ಪಟ್ಟು ಅಲ್ಲೇ ಹೋಯಿತು. ಅದು ಹೋಗಲಿ. ತಂಗಿಯ ಮಡಿಲು ತುಂಬುವ ಹೊತ್ತಿಗೆ ಅಮ್ಮ ಅಲ್ಲಿರಲಿಲ್ಲ. ತಂಗಿಯ ಅತ್ತೆಯವರು ಎಲ್ಲ ಚೆನ್ನಾಗಿಯೇ ಮಾಡಿದರು, ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಅಮ್ಮ ಏರ್‌ಪೋರ್ಟ್ ಕುರ್ಚಿಯಲ್ಲಿ ಕೂತು ನೋಡಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಈಗ ನಿಮ್ಮ ವಿಷಯ. ರೈಲಾ ಟ್ಯಾಕ್ಸಿಯಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಕೇಳಬೇಕಾದದ್ದು, ನಾನು ಹತ್ತುವ ಗಾಡಿ ಕೈಕೊಟ್ಟರೆ ಮುಂದಿನದು ಯಾವಾಗ ಅಂತ. ಚೆನ್ನೈನಲ್ಲಾದರೆ ತಿರುಸೂಲಂ ಸ್ಟೇಷನ್ ಏರ್‌ಪೋರ್ಟ್ ಎದುರಿಗೇ ಇದೆ, ಲೋಕಲ್ ಗಾಡಿಗಳು ಒಂದರ ಹಿಂದೆ ಒಂದು ಬರುತ್ತವೆ. ದೆಹಲಿಯಲ್ಲಿ 2011ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಇದೆ. ಅಲ್ಲಿ ನೀವು ಕೇಳಿದ್ದರೆ ಕಣ್ಣುಮುಚ್ಚಿ ರೈಲು ಅನ್ನುತ್ತಿದ್ದೆ. ನಮ್ಮಲ್ಲಿ ಹಾಲ್ಟ್‌ಗೆ ಹೋಗುವ ಗಾಡಿಗಳು ಬೆರಳೆಣಿಕೆಯಷ್ಟು, ಕೆಲವು ಭಾನುವಾರ ಓಡುವುದೂ ಇಲ್ಲ. ಒಂದು ತಪ್ಪಿದರೆ ಇನ್ನೊಂದು ಗಂಟೆಗಳ ನಂತರ. ಮೆಟ್ರೊ ನೀಲಿ ಮಾರ್ಗ ಏರ್‌ಪೋರ್ಟ್ ಮುಟ್ಟುವವರೆಗೆ ಇದು ಹೀಗೇ.

ಟ್ಯಾಕ್ಸಿ ದುಬಾರಿ ಅನ್ನುವುದೇ ನಿಮ್ಮ ಚಿಂತೆಯಾದರೆ ಏರ್‌ಪೋರ್ಟ್‌ಗೆ ಹೋಗುವ ಬಿಎಂಟಿಸಿಯ ವಾಯುವಜ್ರ ಬಸ್ಸನ್ನು ಯಾಕೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ? ಸೂಟ್‌ಕೇಸ್ ಇಡಲು ಜಾಗ ಇದೆ, ಟರ್ಮಿನಲ್ ಹತ್ತಿರವೇ ಇಳಿಸುತ್ತಾರೆ, ಹಗಲು ರಾತ್ರಿ ಓಡುತ್ತದೆ. ಜಾಮ್‌ನಲ್ಲಿ ಸಿಕ್ಕಿಕೊಳ್ಳುತ್ತೆ ನಿಜ, ಆದರೆ ಒಂದು ಬಸ್ ಹೋದರೆ ಇನ್ನೊಂದಕ್ಕೆ ಅರ್ಧ ದಿನ ಕಾಯಬೇಕಿಲ್ಲ. ತಾಯಿಯವರನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಅದನ್ನೇ.

ಇಲ್ಲ, ರೈಲೇ ಅಂತಿದ್ದರೆ ಮನೆಯಲ್ಲೇ ಒಂದು ಸಮಯ ಬರೆದಿಟ್ಟುಕೊಳ್ಳಿ. ಕೌಂಟರ್ ಮುಚ್ಚುವ ಹೊತ್ತಿನಿಂದ ಒಂದೂವರೆ ಗಂಟೆ ಹಿಂದಕ್ಕೆ ಎಣಿಸಿ. ಆ ಸಮಯಕ್ಕೆ ನಿಮ್ಮ ಗಾಡಿ ಯಲಹಂಕದಲ್ಲೇ ನಿಂತಿದ್ದರೆ ಯಾರನ್ನೂ ಏನೂ ಕೇಳಬೇಡಿ, ಸಿಗ್ನಲ್ ಕಡೆ ನೋಡಬೇಡಿ, ಸೂಟ್‌ಕೇಸ್ ಇಳಿಸಿ. ಕಾರಿನ ಆ್ಯಪ್ ಮೊದಲೇ ತೆರೆದಿಟ್ಟುಕೊಂಡಿರಿ. ನಿಮ್ಮ ತಾಯಿ ಅದಕ್ಕೂ ಮೊದಲೇ ಇಳಿಯೋಣ ಅಂದರೆ ಅವರ ಮಾತು ಕೇಳಿ.

ವಾಪಸ್ ಬರುವಾಗ ಮಾತ್ರ ಧಾರಾಳವಾಗಿ ರೈಲು ಹತ್ತಿ. ನಾನು ಈಗಲೂ ಹೊಂದಿಕೆಯಾದರೆ ಹಾಗೇ ಬರುತ್ತೇನೆ, ಗಾಡಿ ಯಲಹಂಕದಲ್ಲಿ ಎಷ್ಟು ಹೊತ್ತು ನಿಂತರೂ ಮನೆ ಎಲ್ಲೂ ಹೋಗಲ್ಲ.