ಮಾಡೆಲ್ ವಿಮಾನದ ಸಂಘ ಸೇರುವ ಮೊದಲೇ ವಿಮಾನ ಕೊಳ್ಳಬೇಕೇ?

ಕಲಬುರಗಿಯವರು ನೀವು, ರಿಮೋಟ್‌ನಿಂದ ಹಾರಿಸುವ ಮಾಡೆಲ್ ವಿಮಾನ ಕೊಂಡು ಸಂಘ ಸೇರಬೇಕೋ, ಸೇರಿ ಕೊಳ್ಳಬೇಕೋ ಅಂತ ಕೇಳಿದ್ದೀರಿ.

ಮೊದಲು ಸೇರ್ರಿ. ಒಂದು ಭಾನುವಾರ ಬರಿಗೈಲೆ ಹೋಗಿ ಮೈದಾನದ ಅಂಚಿಗೆ ನಿಂತು ನೋಡ್ರಿ. ಕಲಿಸುವವರಿದ್ದರೆ ಎರಡು ರಿಮೋಟ್ ಜೋಡಿಸಿ ಹಾರಿಸಲು ಕೊಡ್ತಾರೆ. ನಿಮ್ಮ ಕೈ ತಪ್ಪಿದರೆ ಅವರು ಸ್ವಿಚ್ ಬಿಟ್ಟ ಕೂಡಲೇ ವಿಮಾನ ಅವರ ಹಿಡಿತಕ್ಕೆ. ಹೊಸಬರು ಬೀಳಿಸೋದು ಹೆಚ್ಚಾಗಿ ವಿಮಾನ ತಮ್ಮ ಕಡೆಗೇ ತಿರುಗಿ ಬರುವಾಗ, ಎಡ-ಬಲ ಅದಲುಬದಲಾಗಿ. ಆಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೇ ರಿಮೋಟಿನ ಕಡ್ಡಿ ದೂಡ್ರಿ, ಸಮ ಆಗ್ತದ. ಇದು ಯೂಟ್ಯೂಬ್ ನೋಡಿ ಬರೋದಲ್ಲ, ಬೆರಳಿಗೇ ಹತ್ತಬೇಕು.

ಕೊಳ್ಳುವುದಾದರೆ ರೆಕ್ಕೆ ಮೇಲ್ಗಡೆ ಇರುವ ಫೋಮ್ ಟ್ರೇನರ್ (ಕಲಿಯುವವರ ವಿಮಾನ) ಸಾಕು. ಮೂಗು ಮುರಿದರೆ ಅಂಟು ಹಚ್ಚಿ ಸಂಜೆಗೆ ಮತ್ತೆ ಹಾರಿಸಬಹುದು. ಜೆಟ್ ಆಸೆ ಸದ್ಯ ಬ್ಯಾಡ.

2021ರ ಡ್ರೋನ್ ನಿಯಮಗಳು ಮಾಡೆಲ್ ವಿಮಾನಗಳಿಗೂ ಅನ್ವಯಿಸುತ್ತವೆ: ನೋಂದಣಿ ಸಂಖ್ಯೆ ಬೇಕು, ವಿಮಾನ ಕಣ್ಣಳತೆಯಲ್ಲೇ ಇರಬೇಕು, ಹಸಿರು ವಲಯದಲ್ಲಿ (ಹಾರಿಸಲು ಮುಂಚೆ ಅನುಮತಿ ಬೇಡದ ಕಡೆ) ಎತ್ತರ 400 ಅಡಿವರೆಗೆ. ನಿಮ್ಮೂರಲ್ಲಿ ಶ್ರೀನಿವಾಸ ಸರಡಗಿ ಬಳಿ ವಿಮಾನ ನಿಲ್ದಾಣ, ಆ ಕಡೆ ಬೀದರಿನಲ್ಲಿ ವಾಯುಪಡೆ ನೆಲೆ. ಅದಕ್ಕೇ, ತೊಗರಿ ಕೊಯ್ದ ಹೊಲ ಖಾಲಿ ಅದ ಅಂತ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೇ ಹಾರಿಸಬ್ಯಾಡ್ರಿ.